ಬಣ್ಣದ ಸುಂಕ

ಸಂತೆಯಲ್ಲಿ ಸುಂಕ ಎತ್ತುವವನ ಕೈಯಲ್ಲಿ ಸಾಮಾನ್ಯವಾಗಿ ಒಂದೇ ರಸೀತಿ ಪುಸ್ತಕ ಇರುತ್ತದೆ. ನನ್ನ ಕೈಯಲ್ಲಿ ಎರಡು ವರ್ಷ ಎರಡು ಪುಸ್ತಕ ಇದ್ದವು. ಒಂದು ಬಿಳಿ, ಇನ್ನೊಂದು ಕೆಂಪು. ಅವುಗಳ ಜೊತೆಗೆ ಒಂದು ಪಿಂಗಾಣಿ ಬಸಿ, ಒಂದು ಗಾಜಿನ ಕಡ್ಡಿ, ಗಾಜಿನ ಬಿರಡೆಯ ಒಂದು ಆಸಿಡ್ ಸೀಸೆ. ಮೊದಲ ಐದು ವಾರ ಒಂದು ಹಿತ್ತಾಳೆ ಚೊಂಬೂ ಇತ್ತು. ಆರನೆಯ ವಾರ ಚೊಂಬನ್ನು ಮನೆಯಲ್ಲೇ ಬಿಟ್ಟು ಹೋದೆ. ಆ ತಪ್ಪಿನ ವಿಷಯ ಬರೆಯಲು ಕೂತಿದ್ದೇನೆ.

ಊರಿನ ಹೆಸರು ಬರೆಯುವುದಿಲ್ಲ. ಹುಣಸೂರಿನಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿದೆ ಎಂದರೆ ಸಾಕು. ಆಗ ಮೆಂಬರುಗಳಾಗಿದ್ದವರ ಮಕ್ಕಳು ಈಗಲೂ ಅಲ್ಲಿದ್ದಾರೆ, ಅವರಲ್ಲಿ ಕೆಲವರು ನನಗೆ ಬೇಕಾದವರು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅಲ್ಲಿನ ಪಂಚಾಯ್ತಿಯ ಬಿಲ್ ಕಲೆಕ್ಟರ್. ಶುಕ್ರವಾರ ಸಂತೆ. ಪಿರಿಯಾಪಟ್ಟಣದ ಕಡೆಯಿಂದ, ಕೆ.ಆರ್. ನಗರದಿಂದ ವ್ಯಾಪಾರಿಗಳು ಬರುತ್ತಿದ್ದರು. ವೀರನಹೊಸಹಳ್ಳಿ ಕಡೆಯ ಕಾಡುಜನರ ಹಾಡಿಗಳಿಂದ ಜೇನು, ಸೀಗೆಕಾಯಿ, ಬಿದಿರಿನ ಬುಟ್ಟಿ ಹೊತ್ತು ಜನ ಬೆಳಿಗ್ಗೆಯೇ ನಡೆದು ಬಂದು ಮಾರಿ, ಉಪ್ಪು ಮೆಣಸಿನಕಾಯಿ ಕೊಂಡು, ಮಕ್ಕಳಿಗೆ ಎಂದು ಒಂದಿಷ್ಟು ಮಿಠಾಯಿ ಕಟ್ಟಿಸಿಕೊಂಡು ಹೊತ್ತು ಇಳಿಯುವ ಮುಂಚೆ ಹೊರಟುಬಿಡುತ್ತಿದ್ದರು.

ಆ ಮಿಠಾಯಿ ಮಾರುವವರಲ್ಲಿ ನನ್ನ ಅಕ್ಕನೂ ಒಬ್ಬಳು. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ತವರಿಗೆ ಬಂದು, ಅವ್ವನ ಬಾಣಲೆಯಲ್ಲಿ ಬೂಂದಿ ಕರಿಯಲು ಕೂತವಳು ಮತ್ತೆ ಮೇಲೇಳಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು, ಈ ಕೆಲಸ ಹಿಡಿದದ್ದು ಎಲ್ಲ ಆ ಬೂಂದಿಯಿಂದ.

ಊರಿನಲ್ಲಿ ಸರ್ಕಾರಿ ಡಿಸ್ಪೆನ್ಸರಿ ಇತ್ತು. ಒಂದು ಹಜಾರ, ಔಷಧಿಯ ಒಂದು ಬೀರು, ಒಬ್ಬ ಕಾಂಪೌಂಡರು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ರೋಗಿಯನ್ನು ಮಲಗಿಸಿಕೊಳ್ಳಲು ಜಾಗವಿರಲಿಲ್ಲ. ಸಂತೆಯ ಮಾರನೆಯ ದಿನ ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡ ಹೆಂಗಸರ ಸಾಲು ಡಿಸ್ಪೆನ್ಸರಿ ಮೆಟ್ಟಿಲಿಂದ ಬೇಲಿಯವರೆಗೆ ಇರುತ್ತಿತ್ತು. ವಾಂತಿ, ಭೇದಿ, ಹೊಟ್ಟೆನೋವು. ಇದನ್ನು ಮೊದಲು ಗಮನಿಸಿದವರು ನಮ್ಮ ಕಡೆಗೆ ಹೊಸದಾಗಿ ಬಂದಿದ್ದ ಹೆಲ್ತ್ ಇನ್ಸ್‌ಪೆಕ್ಟರು. ಬೇರೆ ಜಿಲ್ಲೆಯವರು, ಕನ್ನಡಕ ಹಾಕಿದ ಸಣ್ಣ ಆಳು, ಜೋರಾಗಿ ಮಾತಾಡಿದವರಲ್ಲ. ಪಂಚಾಯ್ತಿ ಮೀಟಿಂಗಿಗೆ ಬಂದು, ಮಿಠಾಯಿಗೆ ಹಾಕುವ ಹಳದಿ ಪುಡಿ ಬಟ್ಟೆಗೆ ಹಾಕುವ ಬಣ್ಣ, ಅದನ್ನು ಸಂತೆಯಲ್ಲಿ ನಿಲ್ಲಿಸಬೇಕು ಎಂದರು.

ಚೇರ್ಮನ್ನರು ಎಲೆಗೆ ಸುಣ್ಣ ಸವರಿ ಮಡಚಿದರು. ಆಮೇಲೆ ಹೇಳಿದರು: "ನಿಲ್ಸದು ಬ್ಯಾಡ ಸ್ವಾಮಿ. ನಿಲ್ಸುದ್ರೆ ಆ ವ್ಯಾಪಾರಗಾರ್ರು ಬ್ಯಾರೆ ಸಂತೆಗೆ ಓಯ್ತಾರೆ. ಸುಂಕ ಹಾಕವ. ಯಾವುದು ಕಾಯಿಲೆ ತತ್ತದೋ ಅದೇ ಆಸ್ಪತ್ರೆಗೂ ಕೊಡ್ಲಿ."

"ವಿಷ ಅಂತ ಗೊತ್ತಾದ ಮೇಲೂ ದುಡ್ಡು ತಗೊಂಡು ಬಿಡೋದು ಸರಿ ಅಲ್ಲ ಅನ್ಸುತ್ತೆ" ಎಂದರು ಇನ್ಸ್‌ಪೆಕ್ಟರು.

"ಸಾರಾಯಿಗೆ ಸರ್ಕಾರನೇ ತಗತಿಲ್ವಾ?"

ಮೆಂಬರುಗಳು ನಕ್ಕರು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಸುಂಕ ಹೆಚ್ಚಾದರೆ ಬಣ್ಣ ಹಾಕುವವರು ತಾವಾಗಿಯೇ ಬಿಡಬಹುದು, ಬಿಡದಿದ್ದರೆ ಡಿಸ್ಪೆನ್ಸರಿಗೆ ಎರಡು ಮಂಚದ ಒಂದು ಕೋಣೆಯೂ ಒಂದಿಷ್ಟು ಔಷಧಿಯೂ ಆಗಬಹುದು ಎಂದು ಅವರೂ ಒಪ್ಪಿದರು. ನನಗೂ ಅದು ನ್ಯಾಯವಾಗಿಯೇ ಕಂಡಿತು. ಠರಾವು ಬರೆದವನು ನಾನೇ. ಅಂಗಡಿಗೆ ಎಂದಿನ ಸುಂಕ ಹದಿನೈದು ಪೈಸೆ, ಅದಕ್ಕೆ ಬಿಳಿ ಚೀಟಿ. ಕೃತಕ ಬಣ್ಣ ಹಾಕಿದ ತಿಂಡಿ ಮಾರುವವರಿಗೆ ಎಂಟಾಣೆ, ಅದಕ್ಕೆ ಕೆಂಪು ಚೀಟಿ. ಕೆಂಪು ಪುಸ್ತಕದ ಹಣ ಡಿಸ್ಪೆನ್ಸರಿಗೆ ಮಾತ್ರ. ಚಾವಡಿ ಗೋಡೆಗೆ ನೋಟೀಸು ಅಂಟಿಸಿದೆವು, ತಮಟೆ ಹೊಡೆಸಿದೆವು, ತಕರಾರಿಗೆ ಒಂದು ತಿಂಗಳು ಬಿಟ್ಟೆವು. ಯಾರೂ ತಕರಾರು ಕೊಡಲಿಲ್ಲ.

ಪರೀಕ್ಷೆ ಮಾಡುವುದನ್ನು ಇನ್ಸ್‌ಪೆಕ್ಟರು ಪಂಚಾಯ್ತಿ ಆಫೀಸಿನ ಕಿಟಕಿಯ ಬೆಳಕಿನಲ್ಲಿ ನನಗೆ ಕಲಿಸಿದರು. ಮಿಠಾಯಿಯ ಒಂದು ಚೂರನ್ನು ಬಸಿಯಲ್ಲಿ ಪುಡಿ ಮಾಡಬೇಕು. ಗಾಜಿನ ಕಡ್ಡಿಯನ್ನು ಆಸಿಡ್ಡಿನಲ್ಲಿ ಅದ್ದಿ ಎರಡು ಹನಿ ಬಿಡಬೇಕು. ಬಣ್ಣ ಇದ್ದರೆ ಹಳದಿ ಹೋಗಿ ಕೆಂಪು ಬರುತ್ತದೆ.

"ಕೆಂಪಾಯ್ತು ಅಂತ ಕೂಡಲೇ ಚೀಟಿ ಹರೀಬೇಡಿ" ಎಂದು ಅವರು ಬೆರಳು ಎತ್ತಿದರು. "ಅರಿಶಿನ ಹಾಕಿದ್ರೂ ಕೆಂಪಾಗುತ್ತೆ. ಆಮೇಲೆ ನೀರು ಹಾಕಿ. ಕೆಂಪು ಹೋದ್ರೆ ಅರಿಶಿನ, ಉಳಿದ್ರೆ ಬಣ್ಣ. ನೀರು ಹಾಕೋವರೆಗೆ ಪರೀಕ್ಷೆ ಅರ್ಧ ಅಷ್ಟೆ. ನೆನಪಿರಲಿ."

ಆ ಸಂಜೆ ಸೀಸೆಯನ್ನೂ ಬಸಿಯನ್ನೂ ಮನೆಗೆ ತಂದೆ. ಅಕ್ಕ ಬೂಂದಿಗೆ ಪಾಕ ಹಿಡಿಯುತ್ತಿದ್ದಳು. ಎಲ್ಲರಂತೆ ಅವಳೂ ಪೊಟ್ಟಣದ ಪುಡಿಯನ್ನೇ ಹಾಕುತ್ತಿದ್ದಳು. ಅವಳ ಬಾಣಲೆಯ ಪಕ್ಕದಲ್ಲೇ ಕೂತು ಅವಳ ಬೂಂದಿಯ ಮೇಲೆಯೇ ಎರಡು ಹನಿ ಬಿಟ್ಟೆ.

"ಅಯ್ಯೋ ಶಿವ್ನೆ, ರಕ್ತದಂಗಾಯ್ತಲ್ಲೋ!"

ಅಡುಗೆಯ ಡಬ್ಬದಿಂದ ಚಿಟಿಕೆ ಅರಿಶಿನ ತೆಗೆದು, ಮನೆಯ ಇನ್ನೊಂದು ಬಸಿಯಲ್ಲಿಟ್ಟು ಅದಕ್ಕೂ ಹನಿ ಬಿಟ್ಟು ತೋರಿಸಿದೆ. ಅದೂ ಕೆಂಪಾಯಿತು. ನೀರು ಹಾಕಿದೆ. ಅರಿಶಿನದ್ದು ತಿಳಿಯಾಗಿ ಹಳದಿಗೆ ತಿರುಗಿತು, ಬೂಂದಿಯದು ತಿರುಗಲಿಲ್ಲ. ಅಕ್ಕ ಎರಡು ಬಸಿಯನ್ನೂ ಬಾಗಿಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸೌಟು ಕೆಳಗಿಟ್ಟು, ಮೂಲೆಯ ಗೂಡಿನಿಂದ ತನ್ನ ಹಿತ್ತಾಳೆ ಚೊಂಬು ತೆಗೆದು ಸೆರಗಿನಲ್ಲಿ ಒರೆಸಿ ನನ್ನ ಮುಂದಿಟ್ಟಳು.

"ಇದ್ನ ಇಟ್ಕೋ. ಸಣ್ಣದು, ಒಂದು ಕೈಲೇ ಹಿಡೀಬೌದು. ನಾನಿನ್ನು ಆ ಪುಡಿ ಹಾಕಲ್ಲ ಕಣೋ ತಮ್ಮ. ಮಕ್ಕಳು ತಿನ್ನದು. ಅದೂ ಅಲ್ದೆ, ನಿನ್ನ ಕೈಲಿ ಕೆಂಪು ಚೀಟಿ ಹರಿಸ್ಕೊಂಡು ಸಂತೆಲಿ ಎಂಗೆ ಕೂತ್ಕಳ್ಳಿ?"

ಪೊಟ್ಟಣವನ್ನು ಒಲೆಗೆ ಹಾಕಿದಳು. ಉರಿ ಒಂದು ಕ್ಷಣ ಹಸಿರಾಗಿ ಎದ್ದಿತು.

ಮೊದಲ ವಾರಗಳಲ್ಲಿ ನಾನು ಎಲ್ಲವನ್ನೂ ಕ್ರಮವಾಗಿಯೇ ಮಾಡಿದೆ. ಪುಸ್ತಕ ಎರಡೂ ಕಂಕುಳಲ್ಲಿ, ಸೀಸೆ ಮತ್ತು ಬಸಿ ಒಂದು ಕೈಚೀಲದಲ್ಲಿ, ಚೊಂಬಿನ ತುಂಬ ನೀರು ಎಡಗೈಯಲ್ಲಿ. ಮಿಠಾಯಿ ಅಂಗಡಿ ಸಾಲಿನಲ್ಲಿ ಹತ್ತು ಹನ್ನೆರಡು ಜನ ಇರುತ್ತಿದ್ದರು. ಒಬ್ಬೊಬ್ಬರ ಮುಂದೆಯೂ ಕುಕ್ಕರುಗಾಲಿನಲ್ಲಿ ಕೂತು, ಪುಡಿ ಮಾಡಿ, ಹನಿ ಬಿಟ್ಟು, ನೀರು ಹಾಕಿ, ನೋಡಿ, ಬಸಿ ತೊಳೆದು ಮುಂದಕ್ಕೆ. ಸಾಲಿನ ನಡುವೆ ನೀರು ಮುಗಿದರೆ ಕೆರೆಗೆ ಹೋಗಿ ತುಂಬಿಕೊಂಡು ಬರಬೇಕು. ಒಮ್ಮೆ ಆಸಿಡ್ ಹನಿ ಬಿದ್ದು ಪಂಚೆಗೆ ತೂತು ಬಿತ್ತು. ಅದೂ ಸಹಿಸಬಹುದಾದ ಕಷ್ಟವೇ.

ಸಹಿಸಲಾಗದ್ದು ಚೊಂಬು. ನಮ್ಮ ಕಡೆ ಗಂಡಸು ಚೊಂಬು ಹಿಡಿದು ಕೆರೆಯ ಕಡೆಗೆ ನಡೆದರೆ ಏತಕ್ಕೆ ಎಂದು ಯಾರೂ ಕೇಳಬೇಕಾಗಿಲ್ಲ. ನಾನು ಅದನ್ನು ಹಿಡಿದು ತುಂಬಿದ ಸಂತೆಯ ಮಧ್ಯೆ ಓಡಾಡುತ್ತಿದ್ದೆ.

ಕೆ.ಆರ್. ನಗರದಿಂದ ಗಾಡಿಯಲ್ಲಿ ಬರುತ್ತಿದ್ದ ಒಬ್ಬ ದೊಡ್ಡ ಮಿಠಾಯಿ ವ್ಯಾಪಾರಿಯಿದ್ದ. ನಾಲ್ಕು ತಟ್ಟೆ ಜಿಲೇಬಿ, ನಾಲ್ಕು ತಟ್ಟೆ ಲಾಡು ಜೋಡಿಸಿ, ಒಳ್ಳೆ ಕಂಠದಲ್ಲಿ ಕೂಗುವವನು. ಎರಡನೆಯ ವಾರವೇ ಅವನು ಶುರುಮಾಡಿದ.

"ಯಾಕೆ ಸ್ವಾಮಿ, ಸಂತೆ ಮಧ್ಯದಲ್ಲೇ ಅವಸರ ಆಯ್ತಾ? ಕೆರೆ ಅತ್ಲಾಗದೆ, ಇತ್ಲಾಗಲ್ಲ."

ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಮೂರನೆಯ ವಾರ ಅವನು ದಾರಿ ಬಿಡಿಸುವವನಂತೆ ಎದ್ದು ನಿಂತು, "ಜರುಗ್ರಪ್ಪೋ, ಜರುಗ್ರಿ! ಚೊಂಬಿನ ಸಾಹೇಬ್ರು ಬತ್ತಾವ್ರೆ, ತಡೀಬ್ಯಾಡಿ, ಅನಾಹುತ ಆದಾತು!" ಎಂದು ಕೂಗಿದ. ಸೊಪ್ಪಿನವರು, ಮಡಕೆಯವರು, ಬಳೆ ತೊಡಿಸುವವಳು ಎಲ್ಲರೂ ಕೆಲಸ ಬಿಟ್ಟು ನೋಡಿದರು. ನನಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. ನಾಲ್ಕನೆಯ ವಾರ ಪಂಚಾಯ್ತಿ ಆಫೀಸಿನಲ್ಲೂ ಯಾರೋ ಚೊಂಬಿನ ಸಾಹೇಬ್ರು ಎಂದರು. ಐದನೆಯ ವಾರ ನಾನು ತಲೆ ಎತ್ತದೆ ಕೆಲಸ ಮುಗಿಸಿದೆ.

ಆರನೆಯ ಶುಕ್ರವಾರ ಚೊಂಬನ್ನು ಗೂಡಿನಲ್ಲೇ ಬಿಟ್ಟೆ. ನನಗೆ ನಾನೇ ಹೇಳಿಕೊಂಡ ಕಾರಣ ಇದು: ಐದು ವಾರಗಳಲ್ಲಿ ಒಂದು ಸಲವೂ ನೀರಿಗೆ ಕೆಂಪು ಹೋಗಿಲ್ಲ. ಈ ಸಂತೆಯಲ್ಲಿ ಮಿಠಾಯಿಗೆ ಅರಿಶಿನ ಹಾಕುವವರು ಯಾರೂ ಇಲ್ಲ. ಕೆಂಪಾದರೆ ಬಣ್ಣವೇ. ಮಾತು ಆ ದಿನಕ್ಕೆ ನಿಜವೂ ಆಗಿತ್ತು. ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯಿತು. ಯಾರೂ ನಗಲಿಲ್ಲ. ಮನೆಗೆ ಬಂದಾಗ ಅಕ್ಕ ಗೂಡಿನ ಕಡೆ ನೋಡಿ, ನನ್ನ ಕಡೆ ನೋಡಿ, "ಮರೆತು ಹೋದ್ಯಾ?" ಎಂದಳು.

"ಅದು ಬೇಕಾಗಲ್ಲ ಅಕ್ಕ" ಎಂದೆ.

ಕೆಂಪು ಚೀಟಿಯನ್ನು ಮೊದಲು ಎಲ್ಲರೂ ಬೈದುಕೊಂಡೇ ಕೊಳ್ಳುತ್ತಿದ್ದರು, ಮುದುರಿ ಜೇಬಿಗೆ ತುರುಕುತ್ತಿದ್ದರು. ಮೂರನೆಯ ತಿಂಗಳು ಕೆ.ಆರ್. ನಗರದವನು ತನ್ನ ಚೀಟಿಯನ್ನು ಬಿದಿರು ಕಡ್ಡಿಗೆ ಸಿಕ್ಕಿಸಿ ಲಾಡಿನ ತಟ್ಟೆಯ ಮಧ್ಯದಲ್ಲಿ ನೆಟ್ಟುಬಿಟ್ಟ. ಪಂಚಾಯ್ತಿಯ ಮೊಹರು ಎಲ್ಲರಿಗೂ ಕಾಣುವಂತೆ.

"ಆಸ್ಪತ್ರೆ ಮಿಠಾಯಿ! ಪಂಚಾಯ್ತಿಯೋರು ನೋಡಿ ಮೊಹರಾಕಿರೋ ಆಸ್ಪತ್ರೆ ಮಿಠಾಯಿ! ಬನ್ನಿ, ಬನ್ನಿ!"

ಒಂದು ತಿಂಗಳೊಳಗೆ ಸಾಲಿನಲ್ಲಿದ್ದವರೆಲ್ಲ ಕಡ್ಡಿ ನೆಟ್ಟರು. ಚೀಟಿ ಕೊಡುವುದು ಸ್ವಲ್ಪ ತಡವಾದರೆ, "ಯಾಕ್ ಸ್ವಾಮಿ, ನಮ್ಗೆ ಇನ್ನೂ ಕೆಂಪು ಹರೀಲಿಲ್ಲ" ಎಂದು ಅವರೇ ಕೂಗಿ ಕರೆಯುತ್ತಿದ್ದರು. ಕೊಳ್ಳುವವರು ಮೊದಲು ಕಡ್ಡಿ ನೋಡಿ ಆಮೇಲೆ ಬೆಲೆ ಕೇಳುತ್ತಿದ್ದರು. ಡಿಸ್ಪೆನ್ಸರಿಯಲ್ಲಿಯೂ ಹಾಗೆಯೇ ಅಲ್ಲವೇ, ಮೊದಲು ಚೀಟಿ, ಆಮೇಲೆ ಔಷಧಿ. ಹಾಡಿಗಳ ಜನ ಮನೆಯಲ್ಲಿ ಜ್ವರ ಬಂದವರಿಗೆಂದು ಕೇಳಿ ಒಯ್ಯತೊಡಗಿದರು.

ಜೇನು ಮಾರಲು ಬರುತ್ತಿದ್ದ ಒಂದು ಅಜ್ಜಿಯಿತ್ತು. ಅಕ್ಕನಿಗೆ ಬಹಳ ವರ್ಷದ ಪರಿಚಯ, ಅವಳ ಪಕ್ಕದಲ್ಲೇ ಕೂತು ಮಾರುವುದು ಅದರ ವಾಡಿಕೆ. ಒಂದು ಶುಕ್ರವಾರ ಅದು ಅಕ್ಕನ ಬೂಂದಿ ಬಿಟ್ಟು ಕೆ.ಆರ್. ನಗರದವನ ಲಾಡು ಕಟ್ಟಿಸಿಕೊಂಡು ಬರುತ್ತಿತ್ತು.

"ಯಾರಿಗಜ್ಜಿ?" ಎಂದೆ.

"ಮೊಮ್ಮಗೀಗೆ ಬುದ್ದಿ. ಮೈ ಕಾಯ್ತಾ ಅದೆ, ಮೂರು ದಿನಾತು."

"ಅದು ಔಷಧಿ ಅಲ್ಲ ಅಜ್ಜಿ. ಅದು ಕೆಟ್ಟದ್ದು ಅಂತಲೇ ಕೆಂಪು ಚೀಟಿ ಕೊಟ್ಟಿರದು. ಮಗೂನ ಡಿಸ್ಪೆನ್ಸರಿಗೆ ಕರ್ಕೊಂಬಾ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಕೆಟ್ಟದಾದ್ರೆ ನೀವ್ಯಾಕೆ ಚೀಟಿ ಕೊಡ್ತೀರಿ? ಕಿತ್ತು ಬಿಸಾಕ್ಬೇಕಿತ್ತಲ್ವಾ?"

ಈ ಮಾತನ್ನು ಹೆಲ್ತ್ ಇನ್ಸ್‌ಪೆಕ್ಟರಿಗೆ ಹೋಗಿ ಹೇಳಿದೆ. ಅವರು ಅಂದೇ ಕೂತು, ಕೆಂಪು ಚೀಟಿ ನಿಲ್ಲಿಸಬೇಕು, ಬಣ್ಣದ ತಿಂಡಿಯನ್ನೇ ನಿಲ್ಲಿಸಬೇಕು ಎಂದು ಪಂಚಾಯ್ತಿಗೆ ಬರೆದರು. ಚೇರ್ಮನ್ನರು ಕಾಗದ ಓದಿ ಫೈಲಿಗೆ ಹಾಕಲು ನನ್ನ ಕೈಗೆ ಕೊಟ್ಟರು.

"ಕೋಣೆಗೆ ಪಾಯ ತೆಗೆಸಿದ್ದೀವಿ ಕಣಯ್ಯ. ಈಗ ನಿಲ್ಸುದ್ರೆ ಗೋಡೆ ಯಾವುದ್ರಲ್ಲಿ ಎಬ್ಬಿಸ್ಲಿ? ಇನ್ನೂ ನಾಕು ಅಂಗಡಿ ಬಂದ್ರೆ ಬರ್ಲಿ ಅನ್ನು."

ಅದಾದ ಸ್ವಲ್ಪ ದಿನಕ್ಕೆ ಇನ್ಸ್‌ಪೆಕ್ಟರಿಗೆ ಎಚ್.ಡಿ. ಕೋಟೆಗೆ ವರ್ಗವಾಯಿತು. ಅದು ಎಂದೋ ಆಗಬೇಕಿದ್ದ ವರ್ಗ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊರಡುವ ದಿನ ಬಸ್ಸಿನ ಕಿಟಕಿಯಿಂದ, "ನೀರು ಹಾಕ್ತಿದೀರಿ ತಾನೇ?" ಎಂದು ಕೇಳಿದರು. ಹಾಕುತ್ತಿದ್ದೇನೆ ಎಂದೆ.

ಅಕ್ಕನ ಬೂಂದಿ ಬಣ್ಣವಿಲ್ಲದೆ ಪೇಲವವಾಗಿತ್ತು. "ಕಾಯಿಲೆ ಬಿದ್ದೋರ ಮೊಕದಂಗದೆ" ಎಂದು ಅವಳೇ ನಗುತ್ತಿದ್ದಳು. ರುಚಿಯಲ್ಲಿ ಅದನ್ನು ಮೀರಿಸುವ ಬೂಂದಿ ಸಂತೆಯಲ್ಲಿರಲಿಲ್ಲ. ಆದರೆ ಅವಳ ತಟ್ಟೆಯ ಮೇಲೆ ಕಡ್ಡಿ ಇರಲಿಲ್ಲ. ನಾನು ಅವಳಿಗೆ ಹರಿಯುತ್ತಿದ್ದದ್ದು ಬಿಳಿ ಚೀಟಿ, ಅದು ಸೊಪ್ಪಿನವರಿಗೂ ಮಡಕೆಯವರಿಗೂ ಕೊಡುವಂಥದ್ದು. ಜನ ಅವಳ ಮುಂದೆ ನಿಂತು, ಬಗ್ಗಿ ಹುಡುಕಿ, "ನಿನ್ದು ಆಸ್ಪತ್ರೆದಲ್ವಾ?" ಎಂದು ಕೇಳಿ ಮುಂದಕ್ಕೆ ಹೋಗುತ್ತಿದ್ದರು. ತಂದ ತಟ್ಟೆ ಹಾಗೇ ಮನೆಗೆ ವಾಪಸು ಬರುತ್ತಿತ್ತು. ಅಕ್ಕ ಅದನ್ನು ಬೀದಿಯ ಮಕ್ಕಳಿಗೆ ಹಂಚುತ್ತಿದ್ದಳು. ಕಡಲೆಹಿಟ್ಟು, ಸಕ್ಕರೆ ನನ್ನ ಸಂಬಳದಲ್ಲಿ ತರಲು ಅವಳು ಒಪ್ಪುತ್ತಿರಲಿಲ್ಲ. "ನಿನ್ನ ಮದ್ವೆಗೆ ಇಟ್ಕೋ" ಎನ್ನುತ್ತಿದ್ದಳು.

ಒಂದು ಶುಕ್ರವಾರ ನಾನು ಅವಳ ಅಂಗಡಿಯ ಮುಂದೆ ಕೂತು ಬಿಳಿ ಪುಸ್ತಕ ತೆರೆದಾಗ ಅವಳು ನನ್ನ ಕೈ ಹಿಡಿದಳು.

"ಕೆಂಪುದ್ರಲ್ಲಿ ಹರಿ."

"ಏನು?"

"ಎಂಟಾಣೆ ತಗೋ. ನಂಗೂ ಒಂದು ಕೆಂಪು ಚೀಟಿ ಹರ್ದು ಕೊಡು. ಕಡ್ಡಿ ತಂದಿದ್ದೀನಿ." ನಿಜವಾಗಿಯೂ ಬುಟ್ಟಿಯಲ್ಲಿ ಬಿದಿರು ಕಡ್ಡಿ ಇತ್ತು.

"ಅದು ಬಣ್ಣ ಹಾಕಿದೋರಿಗೆ ಅಕ್ಕ."

"ಗೊತ್ತು ಕಣೋ. ಜನಕ್ಕೆ ಗೊತ್ತಿಲ್ವಲ್ಲ."

"ಕೆಂಪಾಗದೇ ಇರೋದಕ್ಕೆ ಕೆಂಪು ಚೀಟಿ ಕೊಟ್ರೆ ಸುಳ್ಳು ರಸೀತಿ ಆಗ್ತದೆ. ನನ್ನ ಅಕ್ಕ ಅಂತ ಕೊಟ್ಟ ಅಂತಾರೆ. ನನ್ನ ಕೆಲ್ಸ ಹೋಗ್ತದೆ."

ಪಕ್ಕದಲ್ಲಿ ಕೆ.ಆರ್. ನಗರದವನು ಕೂಗುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. "ಕೊಡಿ ಸ್ವಾಮಿ, ಪಾಪ. ಎಂಟಾಣೆ ಕೊಡ್ತೀನಿ ಅಂದ್ರೂ ಬ್ಯಾಡ ಅನ್ನೋ ಸುಂಕದೋರ್ನ ನಾ ಎಲ್ಲೂ ಕಾಣ್ನಿಲ್ಲ" ಎಂದ. ನಗು ಎದ್ದಿತು. ನಾನು ಬಿಳಿ ಚೀಟಿ ಹರಿದು ಅವಳ ತಟ್ಟೆಯ ಅಂಚಿನಲ್ಲಿಟ್ಟು ಎದ್ದೆ. ನಿಯಮ ನನ್ನ ಕಡೆಗಿತ್ತು. ಅವಳು ಕಡ್ಡಿಯನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದ್ದು ಕಣ್ಣಂಚಿನಲ್ಲಿ ಕಂಡಿತು.

ಮುಂದಿನ ಶುಕ್ರವಾರ ಅವಳ ಬೂಂದಿ ಹಳದಿಯಾಗಿತ್ತು.

ನಾನು ಏನೂ ಕೇಳಲಿಲ್ಲ. ಕೂತೆ, ಒಂದು ಚೂರನ್ನು ಬಸಿಗೆ ಹಾಕಿ ಪುಡಿ ಮಾಡಿ ಕಡ್ಡಿ ಅದ್ದಿ ಎರಡು ಹನಿ ಬಿಟ್ಟೆ. ಕೆಂಪಾಯಿತು. ಕೆಂಪು ಪುಸ್ತಕದಲ್ಲಿ ಹರಿದು ಕೊಟ್ಟೆ. ಅವಳ ಮುಖ ನೋಡಲಿಲ್ಲ. ಅವಳ ಮಗ್ಗುಲಲ್ಲಿ ಹಿತ್ತಾಳೆ ಚೊಂಬು ಇತ್ತು, ತುಂಬ ನೀರು. ಬಿಸಿಲಿಗೆ ಕುಡಿಯಲು ತಂದುಕೊಂಡಿದ್ದಾಳೆ ಎಂದುಕೊಂಡೆ.

ಅಂದು ಅವಳ ತಟ್ಟೆ ಮಧ್ಯಾಹ್ನಕ್ಕೇ ಖಾಲಿಯಾಯಿತು. ಆಮೇಲಿನ ಒಂದು ವರ್ಷ ಹೀಗೆಯೇ. ಅಜ್ಜಿ ಮತ್ತೆ ಅವಳಲ್ಲೇ ಕೊಳ್ಳತೊಡಗಿತು. ಮನೆಯಲ್ಲಿ ಮಾತ್ರ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಅವಳು ಮತ್ತೆ ಪೊಟ್ಟಣದ ಪುಡಿಗೆ ಇಳಿದಳು, ಮಕ್ಕಳು ತಿನ್ನದು ಎಂದವಳು ಅವಳೇ, ಎಂದು ನನಗೆ ಒಳಗೇ ಸಿಟ್ಟು. ಒಮ್ಮೆ ಊಟಕ್ಕೆ ಕೂತಾಗ ಬಾಯಿ ಬಿಟ್ಟು ಹೇಳಿಯೂಬಿಟ್ಟೆ: "ಹಾಡಿ ಮಕ್ಕಳ ಹೊಟ್ಟೆಗೆ ಏನು ಹಾಕ್ತಿದ್ದೀಯ ಗೊತ್ತಲ್ಲ."

ಅಕ್ಕ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ನಿಂಗೊತ್ತಾ?" ಎಂದು ಮಾತ್ರ ಕೇಳಿದಳು. ನನಗೆ ಗೊತ್ತು ಎಂದೆ.

ಕೋಣೆ ಎದ್ದಿತು. ಎರಡು ಮಂಚ ಬಂದವು. ಔಷಧಿ ಬರಲಿಲ್ಲ. ಸರ್ಕಾರದ ಡಿಸ್ಪೆನ್ಸರಿಗೆ ಪಂಚಾಯ್ತಿ ಔಷಧಿ ಕೊಳ್ಳಲು ನಿಯಮದಲ್ಲಿ ಅವಕಾಶ ಇಲ್ಲ ಎಂದು ಆಡಿಟಿನವರು ಬರೆದರು. ಗೋಡೆ ಕಟ್ಟಬಹುದು, ಸುಣ್ಣ ಹೊಡೆಸಬಹುದು. ಆದ್ದರಿಂದ ಕೆಂಪು ಪುಸ್ತಕದ ಉಳಿದ ಹಣದಲ್ಲಿ ಕಾಂಪೌಂಡು ಎಬ್ಬಿಸಿ, ಗೇಟು ಇಟ್ಟು, ಮೆಂಬರುಗಳ ಹೆಸರಿನ ಕಲ್ಲು ನೆಟ್ಟೆವು. ಕಲ್ಲಿಗೆ ಹೆಸರುಗಳನ್ನು ಬರೆದುಕೊಟ್ಟವನೂ ನಾನೇ. ಆ ಹೊತ್ತಿಗೆ ವಾರಕ್ಕೆರಡು ದಿನ ಬರುತ್ತಿದ್ದ ಡಾಕ್ಟರೂ ಹೋಗಿ, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಒಂದು ವಾರ ಹೇಳಲಿಲ್ಲ, ಶುಕ್ರವಾರ ಸಂತೆಗೆ ಬರದಿದ್ದಾಗಲೂ ಸುಸ್ತು ಎಂದಳಷ್ಟೆ. ಮಂಗಳವಾರ ಒಲೆಯ ಮುಂದೆ ಬಗ್ಗಿದವಳು ಏಳಲಾರದೆ ಕೂತಳು. ಗಾಡಿಯಲ್ಲಿ ಡಿಸ್ಪೆನ್ಸರಿಗೆ ಒಯ್ದು ಹೊಸ ಕೋಣೆಯ ಮಂಚದ ಮೇಲೆ ಮಲಗಿಸಿದೆ. ಕಾಂಪೌಂಡರು ಒಳ್ಳೆಯ ಮನುಷ್ಯ, ಆದರೆ ಅವರ ಬೀರುವಿನಲ್ಲಿದ್ದದ್ದು ಹೊಟ್ಟೆಗೆ ಕೊಡುವ ಮಿಕ್ಸ್ಚರ್ ಒಂದೇ. ಹೊಟ್ಟೆ ಮುಟ್ಟಿ ನೋಡಿ, "ಗಟ್ಟಿಯಾಗಿದೆ. ನನ್ನ ಕೈ ಮೀರಿದ್ದು. ಮೈಸೂರಿಗೆ ಕರ್ಕೊಂಡು ಹೋಗಿ" ಎಂದರು. ಕಾರು ಹುಡುಕಲು ಹುಣಸೂರಿಗೆ ಆಳು ಕಳಿಸಿದೆ.

ಅಕ್ಕ ಗೋಡೆಗಳನ್ನು ನೋಡುತ್ತ ಮಲಗಿದ್ದಳು. "ಗೋಡೆ ಚೆನ್ನಾಗದೆ" ಎಂದಳು. "ಇದ್ರಲ್ಲಿ ನಂದೆಷ್ಟು ಇಟ್ಟಿಗೆ ಇರ್ಬೋದೋ ತಮ್ಮ?"

ಮಾರನೆಯ ಬೆಳಿಗ್ಗೆ, ಕಾರು ಇನ್ನೂ ಬಂದಿರಲಿಲ್ಲ, ಜೇನಿನ ಅಜ್ಜಿ ಬಂತು. ಯಾರು ಹೇಳಿದರೋ, ಬೆಳಗಾಗುವ ಮೊದಲೇ ಹೊರಟು ಬಂದಿರಬೇಕು. ಮಡಿಲಿನಿಂದ ಎಲೆಯ ಪೊಟ್ಟಣ ತೆಗೆದು ಮಂಚದ ಮೇಲಿಟ್ಟಿತು. ಹೋದ ಶುಕ್ರವಾರ ಅಕ್ಕ ಸಂತೆಗೆ ಬಂದಿರಲಿಲ್ಲವಾದ್ದರಿಂದ ಕೆ.ಆರ್. ನಗರದವನಲ್ಲಿ ಕೊಂಡ ಎರಡು ಲಾಡು. ಅದರ ಮೇಲೆ ಒಂದು ಕೆಂಪು ಚೀಟಿ, ಕೇಳಿ ಇಸಿದುಕೊಂಡು ಬಂದದ್ದು.

"ಆಸ್ಪತ್ರೆ ಮಿಠಾಯಿ ಕಣವ್ವ. ಮೊಮ್ಮಗೀಗೆ ಅಂತ ಮಡಗಿದ್ದೆ. ನೀನು ತಿನ್ನು. ವಾಸಿ ಆಯ್ತದೆ."

ಚೀಟಿಯ ಮೇಲಿದ್ದದ್ದು ನನ್ನ ಸಹಿ. ಎತ್ತಿ ಬಿಸಾಡಲು ಕೈ ಚಾಚಿದೆ. ಅಕ್ಕ ನನ್ನ ಕೈ ತಡೆದಳು.

"ಇರ್ಲಿ ಬುಡು. ಅಷ್ಟು ದೂರ ತಂದವ್ಳೆ." ಅಜ್ಜಿಗೆ ಕಾಣುವಂತೆ ಒಂದು ಚೂರು ಮುರಿದು ತುಟಿಗೆ ಮುಟ್ಟಿಸಿಕೊಂಡಳು. ಅಜ್ಜಿ ತೃಪ್ತಿಯಿಂದ ತಲೆಯಾಡಿಸಿತು. ಅದು ಹೊರಗೆ ಹೋದ ಮೇಲೆ ಅಕ್ಕ ಬೆರಳಿಗೆ ಅಂಟಿದ್ದ ಬಣ್ಣವನ್ನು ಸೀರೆಗೆ ಒರೆಸಿಕೊಂಡು, "ಇದ್ಕೆ ನೀರು ಹಾಕುದ್ರೂ ಹೋಗಲ್ಲ ಕಣೋ" ಎಂದಳು. ನೋವಿನ ಮಾತು ಎಂದುಕೊಂಡೆ.

ಕಾರು ಬಂದದ್ದು ಹತ್ತು ಗಂಟೆಗೆ. ಆಗ ಅದರ ಅಗತ್ಯ ಇರಲಿಲ್ಲ.

ಬಣ್ಣದಿಂದ ಸತ್ತಳು ಎಂದು ನಾನು ಹೇಳುವುದಿಲ್ಲ. ಕರುಳಿನ ತೊಂದರೆ ಇರಬೇಕು, ಬೇಗ ಆಪರೇಷನ್ ಆಗಿದ್ದರೆ ಉಳಿಯುತ್ತಿದ್ದಳೇನೋ ಎಂದು ಕಾಂಪೌಂಡರು ಆಮೇಲೆ ಹೇಳಿದರು. ಅಷ್ಟೇ ನನಗೆ ಗೊತ್ತಿರುವುದು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವಳ ಸಾಮಾನು ತೆಗೆಯಲು ಕೂತೆ. ಮೊದಲು ಆ ಬಣ್ಣದ ಪೊಟ್ಟಣಗಳನ್ನು ಸುಡಬೇಕೆಂದು ಹುಡುಕಿದೆ. ಹಿಟ್ಟಿನ ಡಬ್ಬ, ಸಕ್ಕರೆ ಚೀಲ, ಒಲೆಯ ಹಿಂದಿನ ಗೂಡು. ಎಲ್ಲೂ ಇರಲಿಲ್ಲ. ಒಂದು ಮಡಕೆಯಲ್ಲಿ ಅರಿಶಿನದ ಕೊಂಬು ಇದ್ದವು, ಒಂದು ಮನೆಗೆ ಎಷ್ಟೋ ವರ್ಷ ಸಾಕಾಗುವಷ್ಟು. ಒರಳು ಹಳದಿ, ಒನಕೆಯ ತುದಿ ಹಳದಿ.

ತಗಡಿನ ಡಬ್ಬದಲ್ಲಿ ಕೊನೆಯ ಬೂಂದಿ ಸ್ವಲ್ಪ ಉಳಿದಿತ್ತು. ಬಸಿ ತಂದೆ, ಸೀಸೆ ತಂದೆ. ಎರಡು ಹನಿ ಬಿಟ್ಟೆ. ಕೆಂಪಾಯಿತು, ಪ್ರತಿ ಶುಕ್ರವಾರ ಆಗುತ್ತಿದ್ದಂತೆ. ಆಮೇಲೆ ಗೂಡಿನಿಂದ ಚೊಂಬು ತೆಗೆದು ನೀರು ಹಾಕಿದೆ. ಕೆಂಪು ತಿಳಿಯಾಯಿತು, ಹೋಯಿತು, ಹಳದಿ ಬಂತು. ಬಸಿ ತೊಳೆದು ಇನ್ನೊಮ್ಮೆ ಮಾಡಿದೆ. ಮತ್ತೊಮ್ಮೆ ಮಾಡಿದೆ. ಮೂರು ಸಲವೂ ಹೋಯಿತು.

ಸಂತೆಯಲ್ಲಿ ಅವಳ ಬೂಂದಿಯಷ್ಟು ಶುದ್ಧವಾದದ್ದು ಇನ್ನೊಂದಿರಲಿಲ್ಲ. ಅದನ್ನು ಮಾರಲು ಅವಳು ಕೆಟ್ಟದ್ದರ ಸುಂಕ ಕಟ್ಟಿದ್ದಳು, ನನ್ನ ಕೈಗೆ, ಒಂದು ವರ್ಷ.

ಮುಂದಿನ ಶುಕ್ರವಾರ ಚೊಂಬು ಹಿಡಿದು ಹೋದೆ. ಕೆ.ಆರ್. ನಗರದವನು ಏನೋ ಹೇಳಲು ಬಾಯಿ ತೆರೆದು, ನನ್ನ ಬೋಳಿಸಿದ ತಲೆ ನೋಡಿ, ತಟ್ಟೆಯನ್ನು ನನ್ನ ಕಡೆಗೆ ಸರಿಸಿದ. ಅವನದು ನೀರು ಹಾಕಿದರೂ ಕೆಂಪು. ಸಾಲಿನ ಕೊನೆಯಲ್ಲಿ ಪಿರಿಯಾಪಟ್ಟಣ ಕಡೆಯ ಒಬ್ಬ ಮುದುಕನದು ನೀರಿಗೆ ಹೋಯಿತು. ಎಷ್ಟು ದಿನದಿಂದ ಅರಿಶಿನ ಹಾಕುತ್ತಿದ್ದೀರಿ ಎಂದು ಕೇಳಿದೆ. "ನಿಮ್ಮಕ್ಕ ಹೇಳ್ಕೊಟ್ಳು ಸ್ವಾಮಿ" ಎಂದ. ನಾನು ಚೇರ್ಮನ್ನರ ಬಳಿ ಹೋಗಿ ಎಲ್ಲ ಹೇಳಿದೆ. ತಪ್ಪು ನನ್ನದು, ಬರೆದುಕೊಡುತ್ತೇನೆ ಎಂದೆ.

"ಅಕ್ಕನ್ನ ಕಳ್ಕೊಂಡಿದ್ದೀಯ, ಮನ್ಸು ಸರಿ ಇಲ್ಲ" ಎಂದರು ಅವರು. ದನಿಯಲ್ಲಿ ಕರುಣೆಯೇ ಇತ್ತು. "ನಾಕು ದಿನ ರಜ ತಗೋ. ಆ ಚೊಂಬ ಮನೇಲಿ ಮಡಗು."

ನಾನು ರಜೆ ತೆಗೆದುಕೊಳ್ಳಲಿಲ್ಲ. ವರ್ಷ ಮುಗಿಯುವವರೆಗೆ ಪ್ರತಿ ಶುಕ್ರವಾರ ನೀರು ಹಾಕಿಯೇ ಚೀಟಿ ಹರಿದೆ. ಅರಿಶಿನದವರಿಗೆ ಬಿಳಿ ಚೀಟಿ ಕೊಟ್ಟೆ. ಅವರ ವ್ಯಾಪಾರ ನಿಂತಿತು, ಆ ಮುದುಕ ಬರುವುದನ್ನೇ ಬಿಟ್ಟ. ಮುಂದಿನ ವರ್ಷ ಸಂತೆ ಸುಂಕವನ್ನು ಹರಾಜಿನಲ್ಲಿ ಕಂಟ್ರಾಕ್ಟರಿಗೆ ಕೊಟ್ಟರು. ಎರಡು ಪುಸ್ತಕದ ರಗಳೆ ಅವನಿಗೆ ಬೇಡವಾಗಿತ್ತು. ಕೆಂಪು ಪುಸ್ತಕ ಹಾಗೆ ನಿಂತಿತು. ಬಣ್ಣ ನಿಲ್ಲಲಿಲ್ಲ.

ಚೊಂಬು ನನ್ನ ಮನೆಯಲ್ಲಿದೆ. ಒಂದು ವರ್ಷ ಪೂರ್ತಿ ಅವಳು ಅದನ್ನು ತುಂಬಿ ಮಗ್ಗುಲಲ್ಲಿಟ್ಟುಕೊಂಡು ನನ್ನ ಮುಂದೆ ಕೂತಿದ್ದಳು. ನಾನು ನೀರು ಹಾಕಿದ್ದರೆ ಅವಳ ಕೆಂಪು ಚೀಟಿ ಹೋಗುತ್ತಿತ್ತು, ಹೊಟ್ಟೆಪಾಡು ಹೋಗುತ್ತಿತ್ತು. ಆದರೂ ತಂದಿಡುತ್ತಿದ್ದಳು. ಒಂದು ಶುಕ್ರವಾರ, ಬಸಿಯಲ್ಲಿ ಅವಳ ಬೂಂದಿ ಇನ್ನೂ ಕೆಂಪಾಗಿರುವಾಗಲೇ, ಚೊಂಬನ್ನು ಎತ್ತಿ ನನ್ನ ಕಡೆಗೆ ಚಾಚಿ "ತಗೋ" ಎಂದಿದ್ದಳು. ಬಿಸಿಲು ಜೋರಾಗಿತ್ತು. ನಾನು ಇಸಿದುಕೊಂಡು, ತಲೆ ಹಿಂದಕ್ಕೆ ಮಾಡಿ, ಪೂರ್ತಿ ಕುಡಿದು, ಖಾಲಿ ಚೊಂಬನ್ನು ಅವಳ ಕೈಗೆ ಕೊಟ್ಟೆ.